ಎರಡು ಪೇಟೆಯ ಪರದೆ

ಅಮೆರಿಕಾ ಬೇಕು ಅಂದರು ಅಪ್ಪ.
ಸ್ವಿಟ್ಜರ್ಲೆಂಡು ಹಳತಾಯಿತು, ತಾಜಮಹಲು ಎಲ್ಲರ ಹತ್ತಿರ ಇದೆ,
ಎದುರು ಸ್ಟುಡಿಯೋದವನು ಜಲಪಾತ ತಂದಿದ್ದಾನೆ,
ನಮಗೆ ಅಮೆರಿಕಾನೇ ಆಗಬೇಕು.
ದಸ್ತಗೀರ್ ಸಾಬರು ಬೀಡಿ ಆರಿಸಿ,
ಹದಿನೆಂಟಡಿ ಕಾಡಾ ಬಟ್ಟೆಗೆ ಗೋಂದು ಕುದಿಸಿ ಬಳಿದರು.
ನನಗಾಗ ಒಂಬತ್ತು. ಬಣ್ಣದ ಡಬ್ಬ ಹಿಡಿಯುವುದು ನನ್ನ ಕೆಲಸ.

ನೋಡಿ ಬರೆಯಲು ಇದ್ದದ್ದು ಒಂದೇ ಕ್ಯಾಲೆಂಡರು,
ರೇಷ್ಮೆ ಹುರಿ ಮಿಷನ್ನಿನ ಕಂಪನಿಯದು, ಜುಲೈ ತಿಂಗಳ ಹಾಳೆ.
ಎಡಗಡೆ ಕಟ್ಟಡಗಳು ಎದ್ದವು, ಗೊಂಚಲಾಗಿ.
ಕಿಟಕಿಗೆ ಹಳದಿ ಚುಕ್ಕೆ ಇಟ್ಟವಳು ನಾನು.
ಆಮೇಲೆ ನೋಡಿದರೆ ಬಲಗಡೆ ಆರಡಿ ಬಟ್ಟೆ ಖಾಲಿ.
ಸಾಬರು ಬಿಡುವ ಆಳಲ್ಲ, ಬಣ್ಣವೂ ಉಳಿದಿತ್ತು,
ಅಲ್ಲೂ ಒಂದು ಗೊಂಚಲು ಎಬ್ಬಿಸಿದರು.
ನಡುವೆ ಬರೀ ಆಕಾಶ, ಗಿರಾಕಿ ನಿಲ್ಲುವುದಕ್ಕೆ.

ಜಾಗ್ರಫಿ ಟೀಚರ್ ರೂಪಾವತಮ್ಮ ಮನೆಮಂದಿ ಸಮೇತ ಬಂದರು.
ನಿಂತರು, ತಿರುಗಿದರು, ಮುಖ ಸಿಂಡರಿಸಿದರು.
'ಒಂದೂರಿಗೆ ಒಂದೇ ಡೌನ್‌ಟೌನು. ಇದು ಎರಡು ಊರಾಯ್ತು.
ಒಂದನ್ನು ಅಳಿಸಿ.'
ಸಾಬರು ಗೋಡೆಗೆ ಒರಗಿದ್ದರು.
'ಡೌನ್ ಅಂದರೇನು ಟೀಚರಮ್ಮ?'
'ಕೆಳಗೆ.'
'ಟೌನು?'
'ಪೇಟೆ.'
'ಕೆಳಗಿನ ಪೇಟೆ! ಮತ್ತೆ ಇಷ್ಟೆತ್ತರ ಯಾಕಿದೆ?'
ಟೀಚರ ಯಜಮಾನರು ನಕ್ಕರು. ಆ ನಗುವೇ ಫೋಟೋದಲ್ಲಿ ಬಿತ್ತು.

'ನಮ್ಮ ಚಿಂತಾಮಣೀಲಿ ಪೇಟೆಗೆ ಹೋಗಿ ಬಾ ಅಂದರೆ
ಮುನಿವೆಂಕಟಮ್ಮ ಟೊಮೇಟೊ ಮಂಡಿಗೆ ಹೋಗ್ತಾಳೆ,
ನನ್ನ ಹೆಂಡತಿ ಬಳೆ ಅಂಗಡಿ ಸಾಲಿಗೆ,
ಈ ಗುರ್ರಪ್ಪನವರು ಜೋಡಿ ರಸ್ತೆಗೆ.
ಯಾರೂ ದಾರಿ ತಪ್ಪಿದ್ದು ಕಾಣೆ.
ಅಂಬಾಜಿದುರ್ಗದ ಪಕ್ಕದಲ್ಲೇ ಕೈಲಾಸಗಿರಿ ಕೂತಿದೆ,
ಯಾವುದನ್ನು ಅಳಿಸೋಣ, ಹೇಳಿ.'

ಈಗ, ಪಾಸ್‌ಪೋರ್ಟ್ ಸೈಜುಗಳ ನಡುನಡುವೆ,
ಗಿರಾಕಿ ಇಲ್ಲದ ಮೂರು ಗಂಟೆಯ ಬಿಸಿಲಲ್ಲಿ,
ಫೋನಿನಲ್ಲಿ ಆ ಊರುಗಳನ್ನು ಸರಿಸಿ ಸರಿಸಿ ನೋಡುತ್ತೇನೆ.
ಹೂಸ್ಟನ್ನಿಗೆ ಒಂದಲ್ಲ, ಎರಡಲ್ಲ.
ಒಂದಕ್ಕೊಂದು ದೂರ, ಒಬ್ಬನೇ ಗಂಡನ ಸವತಿಯರು,
ನಡುವೆ ತಗ್ಗು ಮನೆ, ಮರ, ಸೆಕೆ.
ಅಟ್ಲಾಂಟಾದ್ದು ಬೇರೆ ರೀತಿ: ಒಂದೇ ಬೀದಿ ಹಿಡಿದು ಹೋದರೆ
ಅಲ್ಲೊಂದು, ಇನ್ನಷ್ಟು ದೂರಕ್ಕೆ ಇನ್ನೊಂದು, ಮತ್ತೂ ಒಂದು,
ಬಾಳೆಯ ಬುಡದಲ್ಲಿ ಕಂದು ಎದ್ದ ಹಾಗೆ.
ಮಿನಿಯಾಪೊಲಿಸ್, ಸೇಂಟ್ ಪಾಲ್, ಪಾಲಾದ ಅಣ್ಣತಮ್ಮಂದಿರು.
ಹೊಳೆಯೇ ಬದು.
ಯಾರದು ಎತ್ತರ ಅಂತ ಮೊಮ್ಮಕ್ಕಳೂ ಅಳೆಯುತ್ತಿರಬಹುದು.
ಲಾಸ್ ಏಂಜಲೀಸ್ ನನಗೆ ಅರ್ಥವಾಗಲಿಲ್ಲ.
ಚೆಲ್ಲಿದ ಕಡ್ಲೆಪುರಿ.
ಅಲ್ಲಿಯವರೂ ಚಪ್ಪಲಿ ಮೆಟ್ಟುತ್ತ
'ಪೇಟೆಗೆ ಹೋಗಿ ಬರ್ತೀನಿ' ಅನ್ನುತ್ತಾರಾ?
ಒಳಗಿನಿಂದ ಯಾರಾದರೂ 'ಯಾವುದಕ್ಕೆ?' ಅಂತ ಕೂಗುತ್ತಾರಾ?

ಎಲ್ಲೂ ಸಾಬರ ಕಟ್ಟಡ ಸಿಗಲಿಲ್ಲ.
ಅವರು ಪ್ರತಿಯೊಂದರ ನೆತ್ತಿಗೂ
ಕರೀ ನೀರಿನ ಟ್ಯಾಂಕು ಬರೆದಿದ್ದರು, ಏಣಿ ಸಮೇತ.

ಪರದೆ ಹರಿದ ವರ್ಷವೇ ಸಾಬರು ಮುರುಗಮಲ್ಲದ ಮಗಳ ಮನೆ ಸೇರಿದರು.
ಎಡಗಡೆಯ ಪೇಟೆಯನ್ನು ಅಪ್ಪ
ಪುರಿ ಭಟ್ಟಿಯ ಪಿಳ್ಳಪ್ಪನಿಗೆ ಕೊಟ್ಟರು,
ಮೂಟೆಗಳ ಮೇಲೆ ಇನ್ನೂ ಹೊದ್ದಿದೆ, ನನ್ನ ಹಳದಿ ಚುಕ್ಕೆ ಸಹಿತ.
ಬಲಗಡೆಯದು ಚೇಳೂರು ರಸ್ತೆಯ ಕುರಿದೊಡ್ಡಿಗೆ ಹೋಯಿತು.
ಎರಡರ ನಡುವೆ ಈಗ ಮೂರು ಕಿಲೋಮೀಟರು.
ಒಮ್ಮೆ ಸ್ಕೂಟರಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಿ ನೋಡಿದೆ:
ಹನ್ನೊಂದು ನಿಮಿಷ,
ದಾರಿಯಲ್ಲಿ ಟೀ ಕುಡಿಯದಿದ್ದರೆ.

ನಡುವಿನ ಆಕಾಶ ನನ್ನ ಬೀರುವಿನಲ್ಲಿದೆ.
ಬಿಚ್ಚಿದರೆ ಕೊಬ್ಬರಿ ಎಣ್ಣೆಯ ವಾಸನೆ.
ಇಪ್ಪತ್ತು ವರ್ಷ ಒರಗಿದ ತಲೆಗಳು ಅಲ್ಲಿ ಕಲೆ ಬಿಟ್ಟಿವೆ,
ಎತ್ತರದ್ದು, ಗಿಡ್ಡದ್ದು, ಹೆಗಲ ಮೇಲೆ ಕೂತ ಮಗುವಿನದು,
ಸ್ಟೂಲು ಹತ್ತಿ ನಿಂತ ನನ್ನದೂ ಒಂದು.
ಟೀಚರ ಯಜಮಾನರದು ಯಾವುದೆಂದು ಗೊತ್ತಾಗುವುದಿಲ್ಲ.